ಮೀನಿನ ಬಾಗಿಲನ್ನು ಪಾರ್ಕಿಂಗ್ ಪಕ್ಕದಿಂದ ಎತ್ತಂಗಡಿ ಮಾಡುವ ಕುರಿತು

ಇಂದ:
ದೀಕ್ಷಿತಾ, ಗುತ್ತಿಗೆ ಇಂಜಿನಿಯರ್ (ಸದ್ಯಕ್ಕೆ),
ಮೀನುದಾರಿ ಯೋಜನೆ, ಕುಶಾಲನಗರ.

ಗೆ:
ಮುಖ್ಯ ಇಂಜಿನಿಯರ್‌ರವರು,
ಮೀನುದಾರಿ ಯೋಜನೆ, ಮಡಿಕೇರಿ.

ವಿಷಯ: ಯಶಸ್ಸಿನ ವರದಿಗೆ ಸಹಿ ಹಾಕಲು ಅರ್ಜಿದಾರಳ ಕೈ ಏಳದಿರುವ ಬಗ್ಗೆ.

ಉಲ್ಲೇಖ: ಅಶ್ವಥ್ ಸಾಹೇಬರ ಮೌಖಿಕ ಆದೇಶ, ಜೀಪಿನ ಕಿಟಕಿಯಿಂದ.

ಮಾನ್ಯರೇ,

ಅರ್ಜಿದಾರಳು ತಲೆ ತಗ್ಗಿಸದೆ ನಿವೇದಿಸಿಕೊಳ್ಳುವುದೇನೆಂದರೆ:

೧. ಹೊಳೆಗೆ ಅಡ್ಡಗಟ್ಟೆ ಬಿದ್ದರೆ ಮೊಟ್ಟೆಯಿಡಲು ಮೇಲೇರುವ ಮೀನಿಗೆ ದಾರಿ ಬಂದ್. ಆದ್ದರಿಂದ ಕಟ್ಟೆಯ ಪಕ್ಕ ಮೆಟ್ಟಿಲುಗಾಲುವೆ ಕಟ್ಟುವುದು. ಮೀನು ಬೋರ್ಡು ಓದುವುದಿಲ್ಲ, ನೀರಿನ ಸೆಳೆತ ಹಿಡಿದು ಬರುತ್ತದೆ. ಕಾರಣ, ಕಾಲುವೆಯ ಬಾಗಿಲು ಎಲ್ಲಿರಬೇಕೆಂದು ತಿಳಿಯಲು ಅರ್ಜಿದಾರಳು ಹೊಳೆಯನ್ನೇ ಕಂಪ್ಯೂಟರಿನಲ್ಲಿ ಹರಿಸಿ ನೋಡಿದಳು. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರಲ್ಲ, ಹಾಗೆ. ಸೆಳೆತವಿದ್ದದ್ದು ಎಡದಂಡೆಯ ಮೂಲೆಯಲ್ಲಿ. ಚಿತ್ರದಲ್ಲಿ ಅದು ಕೆಂಪು. ಬಲದಂಡೆಯಲ್ಲಿ ನೀರು ಸತ್ತಂತೆ ನಿಂತಿತ್ತು, ಅದು ನೀಲಿ.

೨. ಅರ್ಜಿದಾರಳ ಮೇಲಧಿಕಾರಿ ಅಶ್ವಥ್ ಸಾಹೇಬರು ಸಭೆಯಲ್ಲಿ ಚಿತ್ರ ನೋಡಿ ಅಪ್ಪಣೆ ಕೊಡಿಸಿದರು: “ಕೆಂಪು ಅಂದ್ರೆ ಡೇಂಜರ್ ಅಲ್ವೇನ್ರೀ? ನೀಲಿ ಇರೋ ಕಡೆ ಬಾಗ್ಲು ಇಡಿ. ಅಲ್ಲಿ ಪಾರ್ಕಿಂಗೂ ಐತೆ, ಟೂರಿಸ್ಟ್ ಬರ್ತಾರೆ.”

“ಸರ್, ಕೆಂಪು ಅಂದ್ರೆ ಜೋರು ನೀರು. ಮೀನು ಬರೋದೇ ಅಲ್ಲಿಗೆ.”

“ಹುಡುಕ್ಕೊಂಡ್ ಬರ್ತವೆ ಬಿಡ್ರೀ. ಅವಕ್ಕೇನ್ ಬೇರೆ ಕೆಲ್ಸ?”

ಆಹಾ, ಎಂಥ ಜ್ಞಾನ! ಸಭೆ ಚಪ್ಪಾಳೆ ತಟ್ಟಿತು. ಬಾಗಿಲು ಬಲದಂಡೆಗೆ ಹೋಯಿತು.

೩. ಮೊದಲ ಮಳೆಗೆ ಮೀನು ಹತ್ತಿ ಬಂದವು. ಬಂದದ್ದೆಲ್ಲ ಎಡಮೂಲೆಗೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಎಗರಿ ಎಗರಿ ಗೋಡೆಗೆ ಬಡಿದುಕೊಂಡವು. ಅಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹುಚ್ಚಮ್ಮ ಎಂಬ ಸ್ಥಳೀಯರು, “ನಿಮ್ ಹೊಟ್ಟೆ ತಣ್ಣಗಿರ್ಲಿ ಕಣವ್ವ, ಬಲೆನೇ ಬ್ಯಾಡ ಈಗ!” ಎಂದು ಹರಸಿದರು. ಅರ್ಜಿದಾರಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ತನ್ನ ಲೆಕ್ಕ ಸರಿಯಾಯಿತಲ್ಲ ಎಂದು ಖುಷಿಪಡುವುದಕ್ಕೂ ಆಗಲಿಲ್ಲ. ಬಲದಂಡೆಯ ಬಾಗಿಲಿಗೆ ಬಂದು ಸೇರಿದ್ದು ಚಿಪ್ಸ್ ಪ್ಯಾಕೆಟ್ಟುಗಳು ಮಾತ್ರ.

೪. ಈಗ ಸಾಹೇಬರ ವರದಿ ತಯಾರಾಗಿದೆ: “ಅಡ್ಡಗಟ್ಟೆಯ ಬುಡದಲ್ಲಿ ಮೀನಿನ ಸಂತತಿ ಗಣನೀಯವಾಗಿ ಹೆಚ್ಚಿರುವುದು ಕಂಡುಬಂದಿದೆ.” ಬೀಗ ಹಾಕಿದ ಮನೆ ಮುಂದೆ ನೆಂಟರು ಗುಂಪುಗಟ್ಟಿ ನಿಂತರೆ ಸತ್ಕಾರ ಭರ್ಜರಿ ಎಂದಂತಾಯಿತು. ತಿಪ್ಪೆ ಸಾರಿಸುವುದಕ್ಕೂ ಒಂದು ಮಿತಿ ಬೇಡವೇ? ಅರ್ಜಿದಾರಳು ಸಹಿ ಹಾಕಿದರೆ ಮುಂದಿನ ಅಡ್ಡಗಟ್ಟೆಗಳಿಗೂ ಇದೇ ನಮೂನೆಯಂತೆ. ಹಾಕದಿದ್ದರೆ ಅವಳ ಗುತ್ತಿಗೆ ನವೀಕರಣವಿಲ್ಲವಂತೆ.

ಆದ್ದರಿಂದ, ಸದರಿ ಕಾರಣಗಳ ಕಾರಣದಿಂದ, ಬರುವ ಮುಂಗಾರಿನೊಳಗೆ ಬಲದಂಡೆಯ ಬಾಗಿಲನ್ನು ಒಡೆಸಿ ಎಡಮೂಲೆಯಲ್ಲಿ ಕಟ್ಟಿಸಬೇಕೆಂದು ಕೋರಿಕೆ. ಅರ್ಜಿದಾರಳು ಸಹಿ ಹಾಕುವುದಿಲ್ಲ. ಗುತ್ತಿಗೆ ಹೋದರೆ ಹೋಗಲಿ.

ತಮ್ಮ ವಿಶ್ವಾಸಿ (ಸಾಹೇಬರ ವಿಶ್ವಾಸಿಯಲ್ಲ),
ದೀಕ್ಷಿತಾ

ಅಡಕ:
೧. ಕಂಪ್ಯೂಟರ್ ಚಿತ್ರ. ಬಣ್ಣ ತಿದ್ದಿಲ್ಲ.
೨. ಯಶಸ್ಸಿನ ವರದಿ. ಸಹಿಯಿಲ್ಲ.

ವಿ.ಸೂ.: ವರದಿಗೆ ಯಾರದಾದರೂ ಸಹಿ ಬೇಕೇ ಬೇಕೆಂದಾದಲ್ಲಿ, ಹುಚ್ಚಮ್ಮನವರದ್ದು ಪಡೆಯಲು ವಿನಂತಿ. ಯೋಜನೆಯ ಏಕೈಕ ಫಲಾನುಭವಿ ಅವರೇ.