ಚಿಗರಿಯ ತೂಕ

ಬೇಟೆನಾಯಿಗೆ ಪಕ್ಕೆಲುಬು ಒಂಚೂರು ಕಂಡರೆ ತಪ್ಪಿಲ್ಲ. ಆದರೆ ಮರೋಳದ ಅಂದಪ್ಪನ ನಾಯಿ ಚಿಗರಿಯ ಪಕ್ಕೆಲುಬುಗಳನ್ನು ರಸ್ತೆಯ ಆಚೆಯಿಂದಲೇ ಎಣಿಸಬಹುದಿತ್ತು. ಗೋವಿನಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಅಟ್ಟಿ ಅಟ್ಟಿ ಅದು ಸೊರಗಿಹೋಗಿತ್ತು.

ನಾಯಿಯನ್ನು ಸಾಕಲು ಕೊಟ್ಟವನು ಇಳಕಲ್ಲಿನ ಮುರ್ತುಜಸಾಬ. ಹೋದ ತಿಂಗಳು ನೋಡಲು ಬಂದವನು ತೂಕದ ಕಾಟಾ ತರಿಸಿದ. ಚಿಗರಿ ಕಾಟಾದ ಮೇಲೆ ನಿಂತರೆ ತಾನೇ! ಮೊದಲು ಅಂದಪ್ಪನೊಬ್ಬನನ್ನೇ ತೂಗಿದರು. ಆಮೇಲೆ ಅವನ ಕೈಗೆ ನಾಯಿ ಕೊಟ್ಟು ನಿಲ್ಲಿಸಿ, ಒಟ್ಟು ತೂಕದಲ್ಲಿ ಅವನ ತೂಕ ಕಳೆದರು.

"ನೀ ಅರವತ್ತು ಕಿಲೋ, ನಾಯಿ ಹದಿನೆಂಟು. ಮುಂದಿನ ತಿಂಗಳಿಗೆ ಇಪ್ಪತ್ತಾಗಬೇಕು. ಇಲ್ಲಂದ್ರ ವಾಪಸ್ ಒಯ್ತೇನಿ ನೋಡು!"

ಚಿಗರಿ ಹೋದರೆ ಬೆಳೆ ಹಂದಿಗಳ ಪಾಲು. ಅದು ಹಾಗಿರಲಿ, ಚಿಗರಿ ಇಲ್ಲದ ಅಂಗಳವನ್ನು ನೆನೆದರೇ ಅಂದಪ್ಪನಿಗೆ ಅಳು ಬರುತ್ತಿತ್ತು. ದನದ ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ. ಸ್ವಲ್ಪಸ್ವಲ್ಪವಾಗಿ ಹಲವು ಸಲ ಹಾಕಬೇಕು, ಓಡಿ ಬಂದ ಕೂಡಲೇ ಹಾಕಬಾರದು, ಉಳ್ಳಾಗಡ್ಡಿ, ಸಿಹಿ ಮುಟ್ಟಿಸಲೇಬಾರದು. ತೂಕ ಏರುತ್ತಿತ್ತು, ಆದರೆ ಎತ್ತಿನ ಗಾಡಿಯ ಹಾಗೆ.

ಇವತ್ತು ಸಂಜೆ ಸಾಬ ಬರುವವನಿದ್ದ. ಸುದ್ದಿ ಓಣಿಗೆ ಹಬ್ಬಿತು. ಬೆಳಿಗ್ಗೆಯೇ ಪಕ್ಕದ ಮನೆಯ ಸಕ್ರವ್ವ ಕಡಲೆಹಿಟ್ಟಿನ ಝುಣಕದ ಪಾತ್ರೆ ಹಿಡಿದು ಬಂದಳು.

"ಚಿಗರಿಗೆ ಹಾಕೋ ತಮ್ಮಾ. ಪಾತ್ರಿ ಖಾಲಿ ಆಗೂತನಕ ನಾ ಹೋಗಂಗಿಲ್ಲ."

ಝುಣಕದ ತುಂಬ ಉಳ್ಳಾಗಡ್ಡಿ. ಒಲ್ಲೆನೆಂದರೆ ಅವಳಿಗೆ ಸಿಟ್ಟು, ಚೆಲ್ಲಲು ಇವನಿಗೆ ಮನಸ್ಸಿಲ್ಲ.

"ಯಾರರ ನೋಡಿದ್ರ ಅದು ತಿನ್ನಂಗಿಲ್ಲ ಅಕ್ಕಾ," ಎಂದು ಅಂದಪ್ಪ ಪಾತ್ರೆಯೊಡನೆ ದನದ ಕೊಟ್ಟಿಗೆ ಹೊಕ್ಕ. ಗಬಗಬನೆ ತಾನೇ ತಿಂದು ಬಾಯಿ ಒರೆಸಿಕೊಂಡು ಬಂದ.

"ಇಷ್ಟ್ ಲಗೂ ಮುಗಿಸಿತೇನು?"

"ಹೂಂ ಅಕ್ಕಾ, ನೆಕ್ಕಿಬಿಡ್ತು."

"ಪಾಪ, ಎಷ್ಟ್ ಹಸದಿತ್ತೋ! ತಡಿ, ಇನ್ನೊಂದಿಷ್ಟು ತರ್ತೇನಿ."

ಅವಳ ಹಿಂದೆಯೇ ಎದುರುಮನೆಯ ಮಾಬುಬಿ ಕುದಿಸಿದ ತತ್ತಿ ಮತ್ತು ಶಿರಾ ತಂದಳು. ತತ್ತಿ ಚಿಗರಿಗೆ, ಶಿರಾ ಅಂದಪ್ಪನಿಗೆ. ಓಣಿಯ ಕೊನೆಮನೆಯ ಸುನಂದಾ ಬುಟ್ಟಿ ತುಂಬ ಶೇಂಗಾ ಹೋಳಿಗೆ ತಂದಳು. ಕೊಟ್ಟಿಗೆಯ ಎಮ್ಮೆ ಕೂಡ ಮೆಲುಕು ನಿಲ್ಲಿಸಿ ಅವನನ್ನೇ ನೋಡತೊಡಗಿತು.

ಮಧ್ಯಾಹ್ನ ಅವನು ಊಟ ಬೇಡವೆಂದಾಗ ಹೆಂಡತಿ ಶಿವಲಿಂಗವ್ವ ಗಾಬರಿಯಾದಳು. "ನಾಯಿ ಚಿಂತ್ಯಾಗ ಉಪಾಸ ಸಾಯ್ತೀರೇನು?" ಎಂದು ಕಣ್ಣೀರು ತೆಗೆದು ಎರಡು ರೊಟ್ಟಿ ತಿನ್ನಿಸಿಯೇ ಬಿಟ್ಟಳು. ಮೇಲೆ ಒಂದು ತಂಬಿಗೆ ಮಜ್ಜಿಗೆ.

ಸಂಜೆ ಟೆಂಪೋದಲ್ಲಿ ಸಾಬ ಬಂದಿಳಿದ. ಓಣಿಯೆಲ್ಲ ನೆರೆಯಿತು. ಅಂದಪ್ಪ ಚಿಗರಿಯನ್ನು ಎತ್ತಿಕೊಂಡು ತೇಕುತ್ತ ಕಾಟಾ ಹತ್ತಿದ.

"ಎಂಬತ್ತು!" ಸಾಬ ಕೂಗಿದ. "ನಿನ್ನವು ಅರವತ್ತು ತಗದ್ರ ಇಪ್ಪತ್ತು! ಶಾಬಾಸ್!"

"ನನ್ನ ತೂಕ ಇನ್ನೊಮ್ಮೆ..." ಎಂದಿತು ಅಂದಪ್ಪನ ಪ್ರಾಮಾಣಿಕ ಬಾಯಿ.

"ಏ, ಬೆಳದ ಮನಷ್ಯಾನ ತೂಕ ತಿಂಗಳೊಪ್ಪತ್ತಿನ್ಯಾಗ ಏನ್ ಬದಲಾಗ್ತೈತಿ?"

ಅಷ್ಟರಲ್ಲಿ ಚಿಗರಿ ಅವನ ಗದ್ದಕ್ಕೆ ಹತ್ತಿದ್ದ ಶಿರಾ ನೆಕ್ಕಿತು. ಅಂದಪ್ಪ ಬಾಯಿ ಮುಚ್ಚಿಕೊಂಡ. ಚಿಗರಿ ಉಳಿಯಿತು! ಅವನಿಗೆ ಕುಣಿಯುವಷ್ಟು ಸಂತೋಷವಾಯಿತು, ಹೊಟ್ಟೆ ಮಾತ್ರ ಬಿಡಲಿಲ್ಲ.

"ನಿನ್ನ ಕೈಗುಣ ಭಾಳ ಛಲೋ ಐತಿ," ಎಂದು ಸಾಬ ಟೆಂಪೋದ ಬಾಗಿಲು ತೆಗೆದ. ಬರೀ ಎಲುಬಿನ ಮೂರು ನಾಯಿಗಳು ಧಡಧಡನೆ ಇಳಿದವು. "ಇವನ್ನೂ ನೀನ ಇಟ್ಕೋ. ಮುಂದಿನ ತಿಂಗಳ ಬಂದು ಹಿಂಗ ತೂಗ್ತೇನಿ."

ಅಂದಪ್ಪ ಕಂಗಾಲಾಗಿ ಸಕ್ರವ್ವನ ಮುಖ ನೋಡಿದ.

"ಅಂಜಬ್ಯಾಡೋ ತಮ್ಮಾ, ನಾವು ಅದೇವಿ!" ಎಂದಳು ಆಕೆ. "ನಾಳಿಂದ ಬೋಗಾಣಿ ತುಂಬ ಮಾಡ್ತೇವಿ."

ಅಂದಪ್ಪ ಮೆಲ್ಲಗೆ ಧೋತರದ ಗಂಟು ಸಡಿಲಿಸಿಕೊಂಡ.