ಮೂಗುತಿಯ ಹರಳಿಗೆ ಎಕ್ಸರೇ

ಮಂದಾಕಿನಿಬಾಯಿಯವರ ಮೂಗುತಿಯ ಹರಳು ಕಳಚಿ ಬಿದ್ದದ್ದೇ ಯಜ್ಞೇಶ್ವರನ ಗ್ರಹಚಾರಕ್ಕೆ ಮೂಲವಾಯಿತು. ಆಕೆ ಧಾರವಾಡದ ಕಾಲೇಜೊಂದರ ಪ್ರಿನ್ಸಿಪಾಲರ ಹೆಂಡತಿ. ಅವನು ಅದೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷವಾದರೂ ಕಾಯಂ ಆಗದ ಡೆಮಾನ್‌ಸ್ಟ್ರೇಟರು.

೧೯೩೯ರ ಆ ಮುಂಜಾನೆ ಬಾಯಿಯವರು ಹರಳನ್ನು ಕರವಸ್ತ್ರದ ತುದಿಗೆ ಕಟ್ಟಿಕೊಂಡು ತಾವೇ ಬಂದರು.

"ನಿಮ್ಮ ಎಕ್ಸರೇ ಮಶೀನಿಗೆ ವಜ್ರ ಯಾವದು, ಗಾಜು ಯಾವದು ತಿಳೀತದಂತಲ್ರಿ? ಇದು ನಮ್ಮ ಅತ್ತಿಯವರು ಲಗ್ನದಾಗ ಹಾಕಿದ್ದು. ನನಗ ಮೊದಲಿಂದನೂ ಸಂಶೇ ಅದ. ಪತ್ತಾರಗ ಕೂಡ್ರಸಲಿಕ್ಕೆ ಕೊಡೂಕಿಂತ ಮೊದಲ ನೋಡಿ ಬರದು ಕೊಡ್ರಿ."

ಯಜ್ಞೇಶ್ವರ ಹಿಗ್ಗಿದ. ಯಂತ್ರವನ್ನು ಜೋಡಿಸಿದವನು ಅವನೇ. ಈವರೆಗೆ ಅದರ ಸುದ್ದಿ ಕೇಳಿದವರು ಒಬ್ಬರೂ ಇರಲಿಲ್ಲ. ವಜ್ರದೊಳಗೆ ಕಣಗಳು ಸಾಲು ಹಿಡಿದು ಕೂತಿರುತ್ತವೆ, ಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ರಂಗೋಲಿಗೆ ಇಟ್ಟಂಥ ಚುಕ್ಕಿ ಮೂಡುತ್ತವೆ. ಗಾಜಿನೊಳಗೆ ಅವು ಸಂತೆಯ ಜನದಂತೆ ನುಗ್ಗಾಡುತ್ತಿರುತ್ತವೆ, ಬರೀ ಮಬ್ಬು ಬೀಳುತ್ತದೆ ಎಂದು ಆಕೆಗೆ ಪಾಠವನ್ನೇ ಮಾಡಿದ.

ನಾಲ್ಕು ತಾಸು ಕಿರಣ ಹಾಯಿಸಿ ಫಿಲ್ಮು ತೊಳೆದು ನೋಡಿದ. ಚುಕ್ಕಿಗಳ ಸುಳಿವಿಲ್ಲ. ಮಸಿ ಹರಡಿದಂಥ ಮಬ್ಬು.

ಗುಮಾಸ್ತ ಬಸಣ್ಣ ಹೆಗಲ ಮೇಲಿಂದ ಇಣುಕಿದ. "ಗಾಜೇನ್ರಿ?"

"ಗಾಜು."

"ಪ್ರಿನ್ಸಿಪಾಲ ಸಾಹೇಬರ ತಾಯಿ ಸೊಸಿಗೆ ಗಾಜು ಹಾಕ್ಯಾರಂತ ನೀವು ಬರದು ಕೊಡಾವ್ರು. ನಾಡದು ನಿಮ್ಮ ಕಾಯಂ ಕಾಗದಕ್ಕ ಅವರs ಸಹಿ ಮಾಡಾವ್ರು. ಛಲೋ ಆತು ಬಿಡ್ರಿ."

ಬಸಣ್ಣನಿಗೆ ಗೊತ್ತಾದದ್ದು ಊರಿಗೇ ಗೊತ್ತಾದಂತೆ. ಸಂಸ್ಕೃತದ ಬಾಳಕೃಷ್ಣ ಶಾಸ್ತ್ರಿಗಳು ತಾಂಬೂಲ ಜಗಿಯುತ್ತ ಬಂದರು. "ಮನಸ್ಸಿಗೆ ಹತ್ತೂವಂಥಾ ಖರೇ ಹೇಳಬಾರದು ಅಂತ ಹಿರಿಯರs ಹೇಳ್ಯಾರಲ್ಲಪಾ," ಎಂದು ದಾರಿ ತೋರಿಸಿ ಹೋದರು.

ಯಜ್ಞೇಶ್ವರ ಊಟ ಬಿಟ್ಟು ಯೋಚಿಸಿದ. ಕೊನೆಗೆ ಮೂರು ಗಂಟೆಗೆ 'ಉತ್ತಮ ಜಾತಿಯ ವಜ್ರ' ಎಂದು ಬರೆದು ಸಹಿ ಹಾಕಿದ. ಬಾಯಿಯವರ ಮುಖ ಅರಳಲಿಲ್ಲ. ಹರಳನ್ನು ಅಕ್ಕಸಾಲಿ ಪತ್ತಾರ ಮೌನೇಶಪ್ಪನಿಗೆ ನೀವೇ ಮುಟ್ಟಿಸಿಬಿಡಿ ಎಂದರು. ಮುಟ್ಟಿಸಿದ.

ಸಂಜೆ ಪ್ರಿನ್ಸಿಪಾಲರಿಂದ ಕರೆ ಬಂತು. ಹೋಗಿ ನೋಡಿದರೆ ಅಲ್ಲಿ ಬಾಯಿಯವರಿದ್ದರು, ಪತ್ತಾರನೂ ಇದ್ದ.

"ಇದು ಗಾಜ್ರಿ," ಅಂದ ಪತ್ತಾರ.

ಸಾಹೇಬರು ಸರ್ಟಿಫಿಕೇಟನ್ನು ಇನ್ನೊಮ್ಮೆ ಓದಿದರು. "ಮೂರಕ್ಕ ವಜ್ರ ಇತ್ತು ಅಂತ ನೀವs ಬರದೀರಿ. ನಾಕಕ್ಕ ಗಾಜು ಆಗೇದ. ನಡುವ ಹರಳು ನಿಮ್ಮ ಕೈಯಾಗ ಇತ್ತು. ವಜ್ರ ಎಲ್ಲೆದ?"

ಯಜ್ಞೇಶ್ವರ ಪ್ರಯೋಗಶಾಲೆಗೆ ಓಡಿ ಫಿಲ್ಮು ತಂದ. "ನೋಡ್ರಿ ಸರ್, ಚುಕ್ಕಿನ ಇಲ್ಲ. ಮೊದಲಿಂದ ಗಾಜs ಇತ್ತು. ನಿಮಗ ಕೆಟ್ಟ ಅನಸಬಾರದಂತ ಸುಳ್ಳು ಬರದೆ."

ಸಾಹೇಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದರು.

"ಗಾಜು ಅಂತ ಗೊತ್ತಿದ್ದೂ ವಜ್ರ ಅಂತ ಸಹಿ ಮಾಡೂ ವಿಜ್ಞಾನದ ಮನಷ್ಯಾ ಎಲ್ಲೆರೆ ಇರ್ತಾನೇನ್ರಿ? ಇದು ವಜ್ರ ತಗದಿಟ್ಟು, ಅದರ ಜಾಗಾದಾಗ ಗಾಜು ಇಟ್ಟ ಮ್ಯಾಲೆ ತಗದ ಫೋಟೋ. ನಾಳೆ ಮುಂಜಾನಿ ನಮ್ಮ ತಾಯಿ ವಜ್ರ ನನ್ನ ಮೇಜಿನ ಮ್ಯಾಲೆ ಇರಬೇಕು."

ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಲಗ್ನವಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಆಕೆಯ ಬಾಯಿಂದ ಆ ಮಾತು ಬಂತು:

"ಪಾಪ, ನಮ್ಮ ಅತ್ತಿಯವರದು ಬಂಗಾರದಂಥಾ ಮನಸ್ಸು."