ಟ್ಯಾಂಕಿನ ಮೇಲಿನ ಡ್ರೋನ್ ಮತ್ತು ಟ್ರ್ಯಾಕರ್ ಆಯ್ಕೆ ಸಮಿತಿ

ಎಲ್ಲಿದೆ ಎಂಬುದು ಕಚೇರಿಗೆ ಲಿಖಿತವಾಗಿ ತಿಳಿದಿಲ್ಲದ ವಸ್ತುವನ್ನು ಕಳೆದುಹೋದ ವಸ್ತುವೆಂದು ಪರಿಗಣಿಸತಕ್ಕದ್ದು. ನಮ್ಮ ನೀರು ಸರಬರಾಜು ಕಚೇರಿಯ ಕೈಪಿಡಿಯಲ್ಲಿ ಹೀಗೆಂದು ಸ್ಪಷ್ಟವಾಗಿ ಬರೆದಿದೆ. ಕಿಟಕಿಯಿಂದ ಕಾಣುವ ವಸ್ತುವಿಗೆ ಅದು ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ನಕ್ಷೆಗಾರರ ಡ್ರೋನಿನ ವಿಷಯದಲ್ಲಿ ಕಚೇರಿ ನಡೆದುಕೊಂಡ ರೀತಿ ಯಾರಿಗೂ ವಿಚಿತ್ರವೆನಿಸದು. ಆಯ್ಕೆ ಸಮಿತಿಯ ಕಾರ್ಯದರ್ಶಿ ನಾನೇ ಆಗಿದ್ದೆ. ಹೊರಗಿನವರ ಗಾಳಿಮಾತಿಗೆ ಕಿವಿಗೊಡುವ ಅಗತ್ಯವಿಲ್ಲ.

ನಕ್ಷೆಗಾರರೆಂದರೆ ನೆಲದಡಿಯ ಪೈಪುಗಳ ನಕ್ಷೆ ಬರೆಯುವವರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ, ಒಂದು ಸುಳ್ಳು ರಜೆ ಹಾಕಿದವರಲ್ಲ. ಇಂಥವರಿಂದಲೇ ಕಚೇರಿಗೆ ತೊಂದರೆ ಬರುವುದು. ಭಾನುವಾರ ಡ್ರೋನ್ ಹಾರಿಸುವುದು ಅವರ ಹವ್ಯಾಸ. ಅಂಗೈಯಗಲದ ಯಂತ್ರ, ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೊಂದು ಕ್ಯಾಮೆರಾ. ಒಂದು ಭಾನುವಾರ ಗಾಳಿ ಅದನ್ನು ಎತ್ತಿಕೊಂಡು ಬಂದು ನಮ್ಮ ಕಚೇರಿಯ ಹಿಂದಿನ ಓವರ್‌ಹೆಡ್ ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿತು. ಸೋಮವಾರ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು.

"ಸಾರ್, ಅರ್ಧ ಗಂಟೆ ಏಣಿ ಬೇಕಿತ್ತು. ನನ್ನ ಡ್ರೋನ್ ಅಲ್ಲೇ ಕಾಣ್ತಿದೆ ನೋಡಿ."

ನಾನು ನೋಡಿದೆ. ಕಾಣುತ್ತಿತ್ತು. "ಕಾಣೋದು ಬೇರೆ, ಇರೋದು ಬೇರೆ ಕಣ್ರೀ," ಎಂದೆ. "ಅದಿರ್ಲಿ, ಒಂದು ಆಟದ ಸಾಮಾನಿಗೆ ಇಷ್ಟ್ಯಾಕೆ ಒದ್ದಾಡ್ತೀರಿ?"

"ಅದರ ಮೆಮೊರಿ ಕಾರ್ಡಲ್ಲಿ ನಮ್ಮಮ್ಮ ಇದ್ದಾರೆ ಸಾರ್," ಎಂದರು. ತಾಯಿ ತೀರಿಕೊಳ್ಳುವ ಎಂಟು ದಿನ ಮುಂಚೆ ತಾರಸಿಯಲ್ಲಿ ನಿಂತಿದ್ದಾಗ ತೆಗೆದ ವೀಡಿಯೊ. ಅದೊಂದೇ ಉಳಿದಿರುವುದು. ನೋಡುವ ಧೈರ್ಯವಾಗದೆ ಕಾರ್ಡನ್ನು ಹೊರಗೆ ತೆಗೆದೇ ಇರಲಿಲ್ಲ, ಬೇರೆಲ್ಲೂ ಇಳಿಸಿಕೊಂಡಿರಲಿಲ್ಲ. "ಒಂದು ಜೋರು ಮಳೆ ಬಂದ್ರೆ ಹೋಯ್ತು ಸಾರ್."

ನನ್ನ ಕರುಳು ಚುರ್ ಎಂದಿತು. ಆದರೆ ಕೈಪಿಡಿಗೆ ಕರುಳಿಲ್ಲ, ಇರಲೂಬಾರದು. ಏಣಿ ಇರುವುದು ಉಗ್ರಾಣದಲ್ಲಿ. ಉಗ್ರಾಣ ಇರುವುದು ಬೀಗದಣ್ಣನ ವಶದಲ್ಲಿ. ಸೊಂಟಕ್ಕೆ ಹದಿನೇಳು ಕೀಲಿ ಕಟ್ಟಿಕೊಂಡು ಓಡಾಡುವುದರಿಂದ ಆತನಿಗೆ ಆ ಹೆಸರು.

"ಏಣಿ ಕೊಡ್ತೀನಿ," ಎಂದ ಬೀಗದಣ್ಣ. "ವಸ್ತು ಎಲ್ಲಿದೆ ಅಂತ ಬರೆದಿರೋ ಒಂದು ಚೀಟಿ ತನ್ನಿ. ಬಾಯಿಮಾತು ಬೇಡ, ಯಂತ್ರ ಹೇಳಿರಬೇಕು. ಹೋದ ಸಲ ಬಾಯಿಮಾತು ನಂಬಿ ಏಣಿ ಕೊಟ್ಟೆ, ಏಣಿಯೇ ಕಳೆದುಹೋಯ್ತು. ಇದು ಎರಡನೇದು."

ಹೀಗೆ ಜಿಪಿಎಸ್ ಟ್ರ್ಯಾಕರಿನ ಅಗತ್ಯ ತಾನಾಗಿಯೇ ಎದ್ದು ನಿಂತಿತು. ಡ್ರೋನ್ ಕಳೆಯುವ ಮೊದಲೇ ಟ್ರ್ಯಾಕರನ್ನು ಕಟ್ಟಿರಬೇಕಿತ್ತೆಂದು ಕೆಲವರು ಕುಹಕವಾಡಿದರು. ಕಳೆಯುವ ಮೊದಲು ಡ್ರೋನ್ ಕಳೆದಿರಲಿಲ್ಲ ಎಂಬ ಸರಳ ಸಂಗತಿ ಅವರಿಗೆ ಹೊಳೆದಂತಿಲ್ಲ. ನಮ್ಮ ಮುಖ್ಯಾಧಿಕಾರಿಗಳು ಅಂದೇ ಮೂವರ ಸಮಿತಿ ರಚಿಸಿದರು: ಅವರು, ನಾನು ಮತ್ತು ಬೀಗದಣ್ಣ. ನಕ್ಷೆಗಾರರಿಗೆ ಡ್ರೋನಿನ ಬಗ್ಗೆ ಮೊದಲೇ ಗೊತ್ತಿದ್ದುದರಿಂದ ನಿಷ್ಪಕ್ಷಪಾತದ ದೃಷ್ಟಿಯಿಂದ ಅವರನ್ನು ಹೊರಗಿಡಲಾಯಿತು.

ಮೂರು ಟ್ರ್ಯಾಕರುಗಳು ಪರಿಶೀಲನೆಗೆ ಬಂದವು. ಒಂದು ನಾಯಿಯ ಕೊರಳಿಗೆ ಕಟ್ಟುವಂಥದ್ದು. ಇನ್ನೊಂದು ಲಾರಿಗೆ ಹಾಕುವ ಕಬ್ಬಿಣದ ಡಬ್ಬಿ. ಮೂರನೆಯದು ಡ್ರೋನಿಗೆಂದೇ ಮಾಡಿದ್ದು, ಹನ್ನೊಂದು ಗ್ರಾಂ ತೂಕ, ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ನಕ್ಷೆಗಾರರು ಬಾಗಿಲಲ್ಲಿ ನಿಂತೇ, "ಸಾರ್, ಮೂರನೇದು ಸಾಕು. ನನ್ನ ಡ್ರೋನೇ ಇನ್ನೂರೈವತ್ತು ಗ್ರಾಂ," ಎಂದರು. ಸಮಿತಿಯ ಮೇಲೆ ಪ್ರಭಾವ ಬೀರುವ ಯತ್ನವೆಂದು ನಾನಿದನ್ನು ನಡಾವಳಿಯಲ್ಲಿ ದಾಖಲಿಸಿದೆ.

ಆಯ್ಕೆಗೊಂದು ಪರೀಕ್ಷೆ ಬೇಕಲ್ಲ? ಮೂರನ್ನೂ ಒಮ್ಮೆ ಕಳೆದುನೋಡುವುದೆಂದು ತೀರ್ಮಾನವಾಯಿತು. ನಾಯಿಯದನ್ನು ಬೀಗದಣ್ಣ ಪೈಪುಗಳ ರಾಶಿಯಲ್ಲಿ ಕಳೆದ. ಅದು ಕೂಗಿಕೊಂಡು ಸಿಕ್ಕಿತು. ಲಾರಿಯದನ್ನು ನಾನು ಅಂಗಳದಲ್ಲಿ ಕಳೆದೆ. ಮುಖ್ಯಾಧಿಕಾರಿಗಳು ಎಡವಿ ಬಿದ್ದುದರಿಂದ ತಕ್ಷಣ ಪತ್ತೆಯಾಯಿತು. ಮೂರನೆಯದನ್ನು ಸ್ವತಃ ಮುಖ್ಯಾಧಿಕಾರಿಗಳೇ ಕಳೆದರು. ಅದು ಇವತ್ತಿಗೂ ಸಿಕ್ಕಿಲ್ಲ. ಅದಕ್ಕೆ ಚಾರ್ಜ್ ಮಾಡಬೇಕಿತ್ತೆಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು.

"ಕಳೆದುಹೋದದ್ದನ್ನ ಹುಡುಕೋಕೆ ಕಳೆದುಹೋಗೋ ವಸ್ತುವನ್ನ ಕಟ್ತಾರೇನ್ರೀ?" ಎಂದು ಮುಖ್ಯಾಧಿಕಾರಿಗಳು ಮೊಣಕಾಲು ಉಜ್ಜಿಕೊಳ್ಳುತ್ತ ಕೇಳಿದರು. ಎಲ್ಲರಿಗಿಂತ ಬೇಗ ಸಿಕ್ಕಿದ ಲಾರಿಯ ಡಬ್ಬಿ ಸರ್ವಾನುಮತದಿಂದ ಆಯ್ಕೆಯಾಯಿತು. ಅದು ಡ್ರೋನಿಗಿಂತ ಎರಡು ಪಟ್ಟು ಭಾರವಿತ್ತು. ಇದನ್ನು ಕಟ್ಟಿದರೆ ಡ್ರೋನ್ ಮತ್ತೆಂದೂ ಹಾರಲಾರದು, ಹಾರದ್ದು ಮತ್ತೆಂದೂ ಕಳೆಯಲಾರದು ಎಂದು ನಾನು ಸಮರ್ಥನಾ ಟಿಪ್ಪಣಿ ಬರೆದೆ. ಆ ಟಿಪ್ಪಣಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಟ್ರ್ಯಾಕರನ್ನು ಡ್ರೋನಿಗೆ ಕಟ್ಟಬೇಕಾದರೆ ಯಾರಾದರೂ ಟ್ಯಾಂಕ್ ಹತ್ತಲೇಬೇಕು. ಅಳವಡಿಕೆಯ ಕೆಲಸಕ್ಕೆ ಏಣಿ ಕೊಡಲು ಕೈಪಿಡಿಯಲ್ಲಿ ಅಡ್ಡಿಯಿರಲಿಲ್ಲ. ಬೀಗದಣ್ಣ ತಕರಾರಿಲ್ಲದೆ ಏಣಿ ತಂದು ನಿಲ್ಲಿಸಿದ. ಆದೇಶ ಹೀಗಿತ್ತು: "ಸದರಿ ಏಣಿಯನ್ನು ಟ್ರ್ಯಾಕರ್ ಅಳವಡಿಸಲು ಮಾತ್ರ ನೀಡಲಾಗಿದೆ. ಸದರಿ ವಸ್ತುವನ್ನಾಗಲಿ, ಅದರ ಯಾವುದೇ ಭಾಗವನ್ನಾಗಲಿ ಕೆಳಗೆ ತರತಕ್ಕದ್ದಲ್ಲ."

ನಕ್ಷೆಗಾರರು ಹತ್ತಿದರು. ಡಬ್ಬಿಯನ್ನು ಡ್ರೋನಿಗೆ ಬಿಗಿದು ಕಟ್ಟಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ಸಾರ್, ಬರೀ ಕಾರ್ಡು ತಗೊಳ್ಳಲಾ? ಉಗುರಿನಷ್ಟಿದೆ."

"ಉಗುರಿನಷ್ಟಿರೋದೂ ಭಾಗವೇ," ಎಂದೆ ಕೆಳಗಿನಿಂದ. ಆತ ಕೇಳದೆ ಜೇಬಿಗೆ ಹಾಕಿಕೊಂಡಿದ್ದರೆ ನಾನು ಆಕಾಶ ನೋಡುತ್ತಿದ್ದೆನೋ ಏನೋ. ಆದರೆ ಆ ಮನುಷ್ಯ ಕೇಳಿದ. ಕೇಳಿದ ಮೇಲೆ ಉತ್ತರ ಕೊಡುವುದು ನನ್ನ ಕೆಲಸ. ನಕ್ಷೆಗಾರರು ಬರಿಗೈಯಲ್ಲಿ ಇಳಿದು ಬಂದು ಏಣಿಯ ಪುಸ್ತಕದಲ್ಲಿ ಸಹಿ ಹಾಕಿದರು.

ಟ್ರ್ಯಾಕರ್ ಚಾಲೂ ಆಯಿತು. ಇಂಥ ಯಂತ್ರಗಳಿಗೆ ಹತ್ತಿಪ್ಪತ್ತು ಮೀಟರು ಆಚೀಚೆಯಾಗುವುದು ಸಹಜವಂತೆ. ಮೊಬೈಲಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಬಂದು ಕೂತದ್ದು ಟ್ಯಾಂಕಿನ ಮೇಲಲ್ಲ, ಮುಖ್ಯಾಧಿಕಾರಿಗಳ ಕೊಠಡಿಯಲ್ಲಿ, ಸರಿಯಾಗಿ ಅವರ ಮೇಜಿನ ಮೇಲೆ. ನಾವು ಮೂವರೂ ಮೇಜನ್ನು ನೋಡಿದೆವು. ಅಲ್ಲಿ ಒಂದು ಟೀ ಲೋಟ, ಎರಡು ಫೈಲು ಇದ್ದವು.

"ಇಲ್ಲಿ ಇಲ್ವಲ್ಲ ಸಾರ್," ಎಂದ ಬೀಗದಣ್ಣ.

"ಯಂತ್ರ ಇದೆ ಅಂತಿದೆಯಲ್ಲ. ಕಾಣೋದು ಬೇರೆ ಅಂತ ಮೊದಲೇ ತೀರ್ಮಾನ ಆಗಿದೆ," ಎಂದರು ಮುಖ್ಯಾಧಿಕಾರಿಗಳು. ಡ್ರೋನ್ ಪತ್ತೆಯಾಗಿದೆಯೆಂದೂ ಅದು ತಮ್ಮ ಮೇಜಿನ ಮೇಲೆ ಸುರಕ್ಷಿತವಾಗಿದೆಯೆಂದೂ ಪ್ರಕಟಣೆ ಹೊರಡಿಸಿದರು. ಇದನ್ನು ಒಪ್ಪಿದ ಸ್ವೀಕೃತಿ ಪತ್ರಕ್ಕೆ ಸಹಿ ಹಾಕದೆ ಮುಂದಿನ ಯಾವ ಅರ್ಜಿಯನ್ನೂ ತೆಗೆದುಕೊಳ್ಳುವಂತಿಲ್ಲವಾದ್ದರಿಂದ ನಕ್ಷೆಗಾರರು ಅದಕ್ಕೂ ಸಹಿ ಹಾಕಿದರು.

ಹಾಗಿದ್ದರೆ ಟ್ಯಾಂಕಿನ ಮೇಲಿರುವುದು ಏನು? ಅದು ವಾರಸುದಾರರಿಲ್ಲದ ವಸ್ತು. ಕುಡಿಯುವ ನೀರಿನ ಮೇಲೆ ವಾರಸುದಾರರಿಲ್ಲದ ವಸ್ತು ಇರಕೂಡದು. ಅಂಥದ್ದನ್ನು ಇಳಿಸಲು ಯಾರ ಅಪ್ಪಣೆಯೂ ಬೇಡ. ಇಪ್ಪತ್ತು ನಿಮಿಷದಲ್ಲಿ ಬೀಗದಣ್ಣನೇ ಹತ್ತಿ ಅದನ್ನು ಇಳಿಸಿದ. ಅವನು ಕೊನೆಯ ಮೆಟ್ಟಿಲಿಳಿಯುವಾಗ ಮಳೆ ಹನಿಯತೊಡಗಿತು. ಡ್ರೋನನ್ನು ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ, ಉಗ್ರಾಣದಲ್ಲಿಟ್ಟ. ನಕ್ಷೆಗಾರರು ಚೀಲವನ್ನು ಒಮ್ಮೆ ಮುಟ್ಟಿ ನೋಡಿದರು. ಒಣಗಿಯೇ ಇತ್ತು.

ವಾರಸುದಾರರ ಪತ್ತೆಗೆ ಮುಂದಿನ ಸೋಮವಾರ ಹನ್ನೊಂದಕ್ಕೆ ವಿಚಾರಣೆ ನಿಗದಿಯಾಯಿತು. ಮುದ್ರೆ ಒಡೆದು, ಕಾರ್ಡನ್ನು ತೆಗೆದು, ಸಭಾಕೊಠಡಿಯ ದೊಡ್ಡ ಪರದೆಗೆ ಹಾಕಿದೆವು.

ಒಂದು ತಾರಸಿ. ತಂತಿಯ ಮೇಲೆ ಬಿಳಿ ಹಾಸಿಗೆ ಬಟ್ಟೆಗಳು. ಒಬ್ಬ ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ನಕ್ಕರು. ಏನೋ ಹೇಳಿದರು, ಆ ಯಂತ್ರಕ್ಕೆ ಧ್ವನಿ ಹಿಡಿಯಲು ಬರದು. ಆಮೇಲೆ ಕೈಬೀಸಿ ಕರೆದರು. ಕ್ಯಾಮೆರಾ ಇಳಿದು ಇಳಿದು ಅವರ ಮುಖದ ಹತ್ತಿರ ಬಂತು, ಬಿಳಿಗೂದಲು ಗಾಳಿಗೆ ಹಾರಿತು, ಅಷ್ಟಕ್ಕೆ ಮುಗಿಯಿತು. ನಲವತ್ತಮೂರು ಸೆಕೆಂಡು. ನಕ್ಷೆಗಾರರು ಗೋಡೆಗೆ ಕೈಕೊಟ್ಟು ನಿಂತಿದ್ದರು.

"ಇವರು ಯಾರು?" ಎಂದು ಕೇಳಿದರು ಮುಖ್ಯಾಧಿಕಾರಿಗಳು.

"ನಮ್ಮಮ್ಮ ಸಾರ್."

"ನಿಮ್ಮ ಡ್ರೋನು ನನ್ನ ಮೇಜಿನ ಮೇಲಿದೆ, ನೀವೇ ಸಹಿ ಹಾಕಿದ್ದೀರಿ. ಇದು ಅವರು ಕರೆದ ತಕ್ಷಣ ಅವರ ಹತ್ರ ಹೋಗಿದೆ. ಅಂದ್ರೆ ಇದು ಅವರದು. ಬಂದು ತಗೊಂಡು ಹೋಗೋಕೆ ಹೇಳಿ."

"ಅವರು ಹೋಗಿಬಿಟ್ರು ಸಾರ್."

"ಎಲ್ಲಿಗೆ ಅನ್ನೋದು ಲಿಖಿತವಾಗಿ ಇದೆಯಾ?"

ಇರಲಿಲ್ಲ. ಆಕೆಯ ವಿಳಾಸಕ್ಕೆ ನೋಟಿಸು ಹೋಯಿತು. ಅದೇ ಮನೆಯಲ್ಲಿರುವ ನಕ್ಷೆಗಾರರೇ ಅದನ್ನು ಪಡೆದುಕೊಂಡರು. ನಿಯಮ ಕಠಿಣವಾಗಿದೆ: ವಾರಸುದಾರರು ಸತತ ಮೂರು ವಿಚಾರಣೆಗೆ ಗೈರುಹಾಜರಾದರೆ ವಸ್ತುವನ್ನು ನಾಶಪಡಿಸತಕ್ಕದ್ದು. ಕಾರ್ಡನ್ನು ವಿಚಾರಣೆಯಲ್ಲಲ್ಲದೆ ಬೇರೆಲ್ಲೂ ತೋರಿಸತಕ್ಕದ್ದಲ್ಲ, ನಕಲು ಕೊಡತಕ್ಕದ್ದಲ್ಲ. ಆದರೆ ಮನೆಯವರು ಸಕಾರಣ ಕೊಟ್ಟು ಮುಂದೂಡಿಕೆ ಕೇಳಿದರೆ ಆ ಗೈರುಹಾಜರಿ ಎಣಿಕೆಗಿಲ್ಲ.

ಅಲ್ಲಿಂದ ಪ್ರತಿ ಸೋಮವಾರ ವಿಚಾರಣೆ ನಡೆಯುತ್ತಿದೆ. ಪ್ರತಿ ಸಲವೂ ವಸ್ತುವಿನ ಗುರುತಿಗಾಗಿ ವೀಡಿಯೊ ಹಾಕಲೇಬೇಕು. ಮೊದಲು ನಾವು ನಾಲ್ವರೇ ಇರುತ್ತಿದ್ದೆವು. ಈಗ ಬಿಲ್ ವಿಭಾಗದವರೂ ಮೀಟರ್ ಓದುವವರೂ ಬರುತ್ತಾರೆ, ಕುರ್ಚಿ ಸಾಲದು. ಆಕೆ ಏನು ಹೇಳುತ್ತಿದ್ದಾರೆಂಬ ಬಗ್ಗೆ ಕಚೇರಿಯಲ್ಲಿ ಎರಡು ಪಂಗಡವಾಗಿದೆ. ಊಟಕ್ಕೆ ಕರೆಯುತ್ತಿದ್ದಾರೆಂದು ಬೀಗದಣ್ಣ ಹೇಳುತ್ತಾನೆ. ಬಿದ್ದೀಯ ಜೋಪಾನ ಎನ್ನುತ್ತಿದ್ದಾರೆಂದು ನನ್ನ ವಾದ. ನಕ್ಷೆಗಾರರನ್ನು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ. ಕಾರ್ಡು ಬೇಕೆಂದು ಅವರು ಈಗ ಕೇಳುವುದೂ ಇಲ್ಲ.

ಈ ವಾರವೂ ಹತ್ತೂಮುಕ್ಕಾಲಕ್ಕೆ ಮುಂದೂಡಿಕೆಯ ಅರ್ಜಿ ತಂದರು. ಅವರ ಅಕ್ಷರ ನಕ್ಷೆಯ ಅಕ್ಷರ, ಒಂದು ಗೆರೆಯೂ ಆಚೀಚೆಯಿಲ್ಲ: "ಮನೆಗೆಲಸ ಇನ್ನೂ ಮುಗಿಯದೆ ಇರುವುದರಿಂದ ನಮ್ಮ ತಾಯಿಯವರಿಗೆ ಇಂದು ಬರಲಾಗುತ್ತಿಲ್ಲ. ಮುಂದಿನ ವಾರ ತಪ್ಪದೆ ಬರುತ್ತಾರೆ." ನಾನು ಎರಡು ಸಲ ಓದಿದೆ. ಕಾರಣ ಸಮರ್ಪಕವಾಗಿದೆ ಎಂದು ಷರಾ ಬರೆದೆ. ಮುಖ್ಯಾಧಿಕಾರಿಗಳು ಸಹಿ ಹಾಕಿದರು, ಬೀಗದಣ್ಣ ಸಭಾಕೊಠಡಿಯ ದೀಪ ಆರಿಸಿದ.